ಮನೆಯಲ್ಲಿ ಮಾಡಿದ ಹನಿ ಮಸ್ಟರ್ಡ್ ಡ್ರೆಸಿಂಗ್ ಕಹಿಯಾಗುತ್ತದೆ, ಎಣ್ಣೆ ಬೇರೆಯಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ನೀವು ಬರೆದಿರುವ ಪ್ರಕಾರ ಒಗ್ಗರಣೆ ಸಾಸಿವೆಯನ್ನು ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ, ಜೇನುತುಪ್ಪ, ನಿಂಬೆರಸ, ಆಲಿವ್ ಎಣ್ಣೆಯ ಜೊತೆ ಒಟ್ಟಿಗೇ ಮಿಕ್ಸಿಗೆ ಹಾಕಿದ್ದೀರಿ. ಕಹಿಯಾಯಿತು, ಹತ್ತು ನಿಮಿಷಕ್ಕೆ ಎಣ್ಣೆ ಮೇಲೆ ಬಂತು, ಇನ್ನಷ್ಟು ಜೇನು ಸುರಿದರೂ ಸರಿಹೋಗಲಿಲ್ಲ. ಜೇನಿನದ್ದೇನೂ ತಪ್ಪಿಲ್ಲ. ಸಲಾಡ್ ಮೇಲೆ ಹಾಕುವ ಈ ಜೇನು-ಸಾಸಿವೆ ಡ್ರೆಸಿಂಗ್‌ನಲ್ಲಿ ಘಾಟು, ಕಹಿ, ಎಣ್ಣೆ ಹುಳಿಯೊಡನೆ ಕೂಡಿ ನಿಲ್ಲುವುದು, ಈ ಮೂರೂ ಸಾಸಿವೆಯ ಕೈಯಲ್ಲಿವೆ.

ಒಣ ಸಾಸಿವೆಕಾಳಿಗೆ ಘಾಟಿಲ್ಲ. ಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಮೈರೋಸಿನೇಸ್ ಎಂಬ ಕಿಣ್ವ ಎಚ್ಚೆತ್ತು, ಮೂಗಿಗೇರುವ ಆ ಘಾಟನ್ನು ಹುಟ್ಟಿಸುತ್ತದೆ. ಬಿಸಿನೀರು ಹಾಕಿದರೆ ಕಿಣ್ವ ಸಾಯುತ್ತದೆ. ಘಾಟು ಬರುವುದಿಲ್ಲ, ಕಹಿ ಮಾತ್ರ ಉಳಿಯುತ್ತದೆ. ಮಿಕ್ಸಿಯನ್ನು ಬಿಡದೆ ಓಡಿಸಿ ಜಾರ್ ಬಿಸಿಯಾದರೂ ಘಾಟು ಹಾರಿಹೋಗುತ್ತದೆ. ಮಾವಿನಹಣ್ಣಿನ ಸಾಸಿವೆ ಮಾಡುವ ಮನೆಗಳಲ್ಲಿ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ: ತೆಂಗಿನಕಾಯಿ ನುಣ್ಣಗಾದ ಮೇಲೆ ಅರ್ಧ ಚಮಚ ಹಸಿ ಸಾಸಿವೆ ಹಾಕಿ ಒಂದೆರಡು ಸುತ್ತು ತಿರುಗಿಸಿದರೆ ಮುಗಿಯಿತು. ಅಲ್ಲಿ ಅರ್ಧ ಚಮಚ ಸಾಕು. ಇಲ್ಲಿ ಅದರ ಹತ್ತು ಪಟ್ಟು ಬೇಕು. ಹಾಗಾಗಿ ಅರೆದ ತಕ್ಷಣ ಬಳಸಿದರೆ ಕಹಿ ತಪ್ಪಿದ್ದಲ್ಲ.

ಎರಡನೆಯ ಕಹಿ ನಿಮ್ಮ ಎಣ್ಣೆಯದು. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯನ್ನು ಮಿಕ್ಸಿಯಲ್ಲಿ ಜೋರಾಗಿ ತಿರುಗಿಸಿದರೆ ಅದರಲ್ಲಿರುವ ಕಹಿ ಎದ್ದು ಬರುತ್ತದೆ. ಆ ಎಣ್ಣೆಯೇ ಬೇಕಿದ್ದರೆ ಕೈಯಲ್ಲಿ ಕಲಸಿ. ನನ್ನ ಆಯ್ಕೆ ಮಾತ್ರ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ. ಇಲ್ಲಿ ಎಣ್ಣೆಗೆ ತನ್ನದೇ ವಾಸನೆ ಬೇಕಿಲ್ಲ. ಗಾಣದ ಕಡಲೆಕಾಯಿ ಎಣ್ಣೆ ಜೇನಿನ ಪರಿಮಳವನ್ನು ಮುಚ್ಚುತ್ತದೆ, ಕೊಬ್ಬರಿ ಎಣ್ಣೆ ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದೆ.

ಮೊದಲ ಸಲಕ್ಕೆ ಬಾಟಲಿಯ ಡಿಜಾನ್ ಮಸ್ಟರ್ಡ್‌ನಿಂದಲೇ ಮಾಡಿ. ಫ್ರಾನ್ಸಿನ ಡಿಜಾನ್ ಊರಿನ ಹೆಸರಿನ ಈ ಪೇಸ್ಟ್ ಕಂದು ಸಾಸಿವೆಯದು, ಅರೆದು ಹದಕ್ಕೆ ಬಂದದ್ದು. ಕೆಳಗಿನದೆಲ್ಲ 15 ಮಿ.ಲೀ.ನ ಟೇಬಲ್ ಚಮಚದ ಲೆಕ್ಕ: ಮಸ್ಟರ್ಡ್ 2, ಜೇನುತುಪ್ಪ 2, ಆಪಲ್ ಸೈಡರ್ ವಿನೆಗರ್ 2, ಎಣ್ಣೆ 4. ಜೊತೆಗೆ ಕಾಲು ಟೀ ಚಮಚ ಉಪ್ಪು, ಎರಡು ಚಿಟಿಕೆ ಕಾಳುಮೆಣಸಿನ ಪುಡಿ. ಸುಮಾರು 150 ಮಿ.ಲೀ. ಆಗುತ್ತದೆ, ಐದಾರು ಜನರ ಸಲಾಡ್‌ಗೆ ಸಾಕು. ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರ್ ಗಂಟಲಿಗೆ ಹಿಡಿಯುವಷ್ಟು ಒರಟು. ಅದೊಂದೇ ಇದ್ದರೆ ಒಂದು ಚಮಚ ಅದು, ಒಂದು ಚಮಚ ನಿಂಬೆರಸ ಹಾಕಿ.

ಕ್ರಮ ಮುಖ್ಯ. ಬಟ್ಟಲಿಗೆ ಮೊದಲು ಮಸ್ಟರ್ಡ್, ಜೇನು, ವಿನೆಗರ್, ಉಪ್ಪು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಹಾಗಾಗಿ ಅದು ಕರಗುವವರೆಗೆ ಎಣ್ಣೆ ಮುಟ್ಟಬೇಡಿ. ಆಮೇಲೆ ತಂತಿಯ ಕಡೆಗೋಲಿನಂಥ ವಿಸ್ಕ್‌ನಿಂದ ಕಲಸುತ್ತಲೇ ಎಣ್ಣೆಯನ್ನು ಇಳಿಸಿ. ಹನಿ ಮಸ್ಟರ್ಡ್‌ನ ಹನಿ ಇಂಗ್ಲಿಷಿನದೇ ಇರಬಹುದು, ಎಣ್ಣೆಗೆ ಬೇಕಾದದ್ದು ಕನ್ನಡದ ಹನಿ: ಮೊದಲ ಒಂದು ಚಮಚ ಹನಿಹನಿಯಾಗಿ, ಉಳಿದದ್ದು ನೂಲಿನಂಥ ಧಾರೆಯಾಗಿ. ಸಾಸಿವೆ ಸಿಪ್ಪೆಯ ಲೋಳೆ ಮತ್ತು ಕಾಳಿನ ಪ್ರೋಟೀನು ಎಣ್ಣೆಯ ಸಣ್ಣ ಸಣ್ಣ ಹನಿಗಳ ಸುತ್ತ ಕವಚದಂತೆ ನಿಂತು ಅವು ಮತ್ತೆ ಒಂದಾಗದಂತೆ ತಡೆಯುತ್ತವೆ. ಎಣ್ಣೆ ಒಮ್ಮೆಗೇ ಬಿದ್ದರೆ ಹನಿಗಳು ದೊಡ್ಡದಾಗೇ ಉಳಿದು ಬೇಗ ಕೂಡಿಕೊಂಡು ಮೇಲೇರುತ್ತವೆ. ಕಾಳು ತರಿತರಿಯಾಗಿದ್ದರೂ ಇದೇ ಗತಿ. ವಿಸ್ಕ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಅರ್ಧ ನಿಮಿಷ ಜೋರಾಗಿ ಕುಲುಕಿ. ಇದು ಅಷ್ಟು ಹೊತ್ತು ನಿಲ್ಲುವುದಿಲ್ಲ, ಬಡಿಸುವ ಮುಂಚೆ ಮತ್ತೆ ಕುಲುಕಿದರಾಯಿತು.

ಎಣ್ಣೆ ಬೇರೆಯಾಗಿ ಒಡೆದುಹೋದದ್ದನ್ನು ಚೆಲ್ಲಬೇಡಿ. ಬೇರೆ ಬಟ್ಟಲಲ್ಲಿ ಒಂದು ಟೀ ಚಮಚ ಮಸ್ಟರ್ಡ್ ಪೇಸ್ಟ್ ಹಾಕಿಕೊಂಡು, ಒಡೆದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಕಲಸಿ. ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ.

ಇನ್ನು ಪೇಸ್ಟನ್ನೂ ಮನೆಯಲ್ಲೇ ಮಾಡಬೇಕೆಂಬ ಹಟವಿದ್ದರೆ ಮೂರು ನಾಲ್ಕು ದಿನ ಮುಂಚೆ ಶುರುಮಾಡಿ. ಹಳದಿ ಸಾಸಿವೆ 3 ಟೇಬಲ್ ಚಮಚ, ನಮ್ಮ ಒಗ್ಗರಣೆಯ ಕಪ್ಪು ಸಾಸಿವೆ 1. ಹಳದಿಯದು ಸೌಮ್ಯ, ಘಾಟು ಬಾಯಲ್ಲೇ ಉಳಿಯುತ್ತದೆ. ಕಪ್ಪಿನದು ನೇರ ಮೂಗಿಗೆ. ಬರೀ ಕಪ್ಪಿನಲ್ಲಿ ಮಾಡಿದರೆ ಜೇನು ಸೋಲುತ್ತದೆ. 60 ಮಿ.ಲೀ. ತಣ್ಣೀರು, 60 ಮಿ.ಲೀ. ವಿನೆಗರ್ ಬೆರೆಸಿ ಗಾಜಿನ ಪಾತ್ರೆಯಲ್ಲಿ 24 ಗಂಟೆ ನೆನೆಸಿ. ಕಾಳು ನೀರನ್ನೆಲ್ಲ ಕುಡಿದು ಉಬ್ಬಿರುತ್ತದೆ. ಒಣಗಿದಂತಿದ್ದರೆ ಇನ್ನೆರಡು ಚಮಚ ನೀರು. ಅರ್ಧ ಟೀ ಚಮಚ ಉಪ್ಪು, ಕಾಲು ಟೀ ಚಮಚ ಅರಿಶಿನ ಸೇರಿಸಿ ಮಿಕ್ಸಿಯ ಚಿಕ್ಕ ಜಾರ್‌ನಲ್ಲಿ ಹತ್ತು ಹತ್ತು ಸೆಕೆಂಡು ಬಿಟ್ಟು ಬಿಟ್ಟು ಅರೆಯಿರಿ. ನುಣ್ಣಗಾದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಡಿ. ಅದೇ ದಿನ ನಾಲಿಗೆಗೆ ಹಚ್ಚಿದರೆ ಕಹಿ ಎಂದು ಗಾಬರಿಯಾಗಬೇಡಿ. ಎರಡು ಮೂರು ದಿನಕ್ಕೆ ಕಹಿ ಇಳಿಯುತ್ತದೆ.

ಸಾಸಿವೆ ಪುಡಿ ಡಬ್ಬ ಇದ್ದರೆ ಒಂದು ಚಮಚ ಪುಡಿಗೆ ಒಂದು ಚಮಚ ತಣ್ಣೀರು ಹಾಕಿ ಕಲಸಿ, 10 ನಿಮಿಷ ಬಿಟ್ಟು, ಆಮೇಲೇ ವಿನೆಗರ್ ಸೇರಿಸಿ. ಮೊದಲೇ ಹುಳಿ ಬಿದ್ದರೆ ಘಾಟು ಅಷ್ಟಾಗಿ ಏರುವುದಿಲ್ಲ. ಏರಿದ ಮೇಲೆ ಬಿದ್ದರೆ ಅದನ್ನೇ ಹಿಡಿದಿಡುತ್ತದೆ. ಬಂಗಾಳಿ ಕಾಸುಂದಿಯೂ (ಹುದುಗಿಸಿದ ಸಾಸಿವೆ ಗೊಜ್ಜು) ಆಗುತ್ತದೆ, ಆದರೆ ಅದು ಜೋರು. 2 ಚಮಚದ ಜಾಗದಲ್ಲಿ 1 ಸಾಕು.

ಜೇನು ಯಾವುದು ಎಂದೂ ಕೇಳಿದ್ದೀರಿ. ನೇರಳೆ ಹೂವಿನ ಜೇನಿಗೆ ತನ್ನದೇ ಸಣ್ಣ ಕಹಿ ಇರುತ್ತದೆ, ಇದಕ್ಕೆ ಬೇಡ. ತುಡುವೆ ಜೇನು ತೆಳು, ಚೆನ್ನಾಗಿ ಬೆರೆಯುತ್ತದೆ. ಹರಳುಗಟ್ಟಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಸೇರಿದ ಯಾವುದನ್ನೂ ನೆಕ್ಕಿಸಬಾರದು, ಇದನ್ನೂ ಸಹ.

ರುಚಿಯನ್ನು ಚಮಚದಲ್ಲಿ ನೆಕ್ಕಿ ನೋಡಬೇಡಿ, ಸೌತೆಕಾಯಿ ಹೋಳು ಅದ್ದಿ ನೋಡಿ. ನೆಕ್ಕಿದಾಗ ಸರಿಯೆನಿಸಿದ್ದು ಸೊಪ್ಪಿನ ಮೇಲೆ ಸಪ್ಪೆಯಾಗುತ್ತದೆ. ಲೆಟ್ಯೂಸ್ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಲೇಬೇಕು. ಒದ್ದೆ ಎಲೆಗೆ ಡ್ರೆಸಿಂಗ್ ಅಂಟದೆ ತಳಕ್ಕೆ ಹರಿಯುತ್ತದೆ. ಎರಡು ಕಪ್ ಸೊಪ್ಪಿಗೆ ಒಂದೂವರೆ ಟೇಬಲ್ ಚಮಚ, ಅದೂ ಊಟಕ್ಕೆ ಕೂರುವ ಹೊತ್ತಿಗೆ. ಬೇಯಿಸಿದ ಆಲೂಗಡ್ಡೆ, ಬೀನ್ಸ್‌ಗಾದರೆ ಬಿಸಿಯಿರುವಾಗಲೇ ಹಾಕಿ, ಹೀರಿಕೊಳ್ಳುತ್ತದೆ. ಕೋಸಂಬರಿಗೆ ಮಾತ್ರ ದಯವಿಟ್ಟು ಹಾಕಬೇಡಿ, ಅದಕ್ಕೆ ನಿಂಬೆರಸ, ಒಗ್ಗರಣೆ ಇದೆ.

ವಿನೆಗರಿನದು ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ಎರಡು ವಾರ ಇರುತ್ತದೆ. ನಿಂಬೆರಸದ್ದು ನಾಲ್ಕೈದು ದಿನಕ್ಕೇ ಮಂಕಾಗುತ್ತದೆ. ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿದ್ದರೆ ಅಂದೇ ಮುಗಿಸಿ. ಎಣ್ಣೆಯೊಳಗೆ ಕೂತ ಹಸಿ ಬೆಳ್ಳುಳ್ಳಿಯನ್ನು ದಿನಗಟ್ಟಲೆ ಇಡುವುದು ಅಪಾಯ.