ಸೋರುವ ಸೀಸದ ಪಾತ್ರೆಯನ್ನು ಉಳಿಸಿಕೊಳ್ಳಬಹುದೇ?

ಪ್ರಶ್ನೆ: ಮೀನುಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ಯುತ್ತೇನೆ. ಕರೆಂಟಿನ ಹಳೆಯ ಪಾತ್ರೆಯೊಂದು ಸಿಕ್ಕಿದೆ. ತಳದಲ್ಲಿ ಮೂತಿ ಇದೆ, ಅದನ್ನು ಮುಚ್ಚಲು ಮೇಲಿಂದ ಇಳಿಯುವ ಸರಳಿದೆ. ಒಳಗೆಲ್ಲ ತುಕ್ಕು. ಸೀಸ ಕರಗಿದ ಕೂಡಲೇ ಕೆಳಗೆ ತೊಟ್ಟಿಕ್ಕುತ್ತದೆ. ವಿನೆಗರ್ ಹಾಕಿ ತುಕ್ಕು ತೆಗೆದು, ಎಪಾಕ್ಸಿ ಅಂಟು ಮೆತ್ತಿದರೆ ಸರಿಹೋದೀತೇ?

ಉತ್ತರ: ಎರಡೂ ಬೇಡ, ದಯವಿಟ್ಟು. ವಿನೆಗರ್ ಬರೀ ತುಕ್ಕನ್ನು ತಿನ್ನುವುದಿಲ್ಲ, ಪಾತ್ರೆಗೆ ಅಂಟಿರುವ ಸೀಸವನ್ನೂ ತಿನ್ನುತ್ತದೆ. ಆಗ ಹುಟ್ಟುವ ಲೆಡ್ ಅಸಿಟೇಟ್ ನೀರಲ್ಲಿ ಸಲೀಸಾಗಿ ಕರಗುವ ವಿಷ. ಇನ್ನು ಎಪಾಕ್ಸಿ. ಸೀಸ ಕರಗುವುದೇ 327 ಡಿಗ್ರಿ ಸೆಲ್ಸಿಯಸ್‌ಗೆ, ಎರಕಕ್ಕೆ ಅದಕ್ಕಿಂತ ಜಾಸ್ತಿ ಕಾಯಿಸುತ್ತೇವೆ. ಆ ಬಿಸಿಗೆ ಎಪಾಕ್ಸಿ ಸುಟ್ಟು ಕಳಚಿಕೊಳ್ಳುತ್ತದೆ.

ಮೊದಲು ಸೋರಿಕೆ ಎಲ್ಲಿಂದ ಅಂತ ನೋಡಿ. ಉಳಿದ ಸೀಸವನ್ನು ಕರಗಿಸಿ ಹೊರಗೆ ಬಿಟ್ಟು, ಕರೆಂಟಿನ ಪ್ಲಗ್ ಕಿತ್ತು, ಪೂರ್ತಿ ತಣ್ಣಗಾಗಲು ಬಿಡಿ. ಸೀಸ ಮೂತಿಯ ತುದಿಯಲ್ಲಿ ಮಾತ್ರ ಗಟ್ಟಿಯಾಗಿದ್ದರೆ ಪಾತ್ರೆ ಉಳಿಯುತ್ತದೆ. ಗೋಡೆಯ ಹೊರಗೆ, ಕಾಯಿಲ್ ಇರುವ ಕಡೆ ಸೀಸದ ಎಳೆ ಇಳಿದಿದ್ದರೆ ಅದನ್ನು ಕೈಬಿಡಿ. ತುಕ್ಕು ತೂತು ಕೊರೆದ ಗೋಡೆ ಸುತ್ತಮುತ್ತಲೂ ತೆಳುವಾಗಿರುತ್ತದೆ. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬಾಯಿ ಬಿಡುತ್ತದೆ. ಕರಗಿದ ಸೀಸ ಕಾಯಿಲ್ ಮೇಲೆ ಬಿದ್ದರೆ ಶಾಕ್ ಹೊಡೆಯುವ ಭಯ ಬೇರೆ. ಬೆಸುಗೆಯ ಮಾತೂ ಬೇಡ, ಆ ಉರಿಗೆ ಸೀಸ ಹೊಗೆಯಾಗಿ ಏಳುತ್ತದೆ.

ನಿಮ್ಮದು ಮೂತಿಯ ಸೋರಿಕೆಯೇ ಇರಬೇಕು ಅಂತ ನನ್ನ ಅಂದಾಜು. ತುಕ್ಕಿನ ಚೂರು ಸೀಸಕ್ಕಿಂತ ಹಗುರ, ಸುಮ್ನೆ ಬಿಟ್ಟರೆ ತೇಲಿ ಬರುತ್ತದೆ. ಆದರೆ ಸರಳಿನ ತುದಿಗೂ ಅದು ಕೂರುವ ಕುಳಿಗೂ ನಡುವೆ ಸಿಕ್ಕಿಕೊಂಡರೆ ಅಲ್ಲೇ ಉಳಿಯುತ್ತದೆ. ಕೂದಲೆಳೆಯಷ್ಟು ಸಂದು ಸಿಕ್ಕರೂ ಸೀಸಕ್ಕೆ ಸಾಕು.

ತುಕ್ಕನ್ನು ಒಣಗಿದ್ದಾಗ ಉಜ್ಜಬೇಡಿ. ಡ್ರಿಲ್ಲಿಗೆ ತಂತಿ ಬ್ರಷ್ ಹಾಕಿ ತಿರುಗಿಸುವುದಂತೂ ಬೇಡವೇ ಬೇಡ, ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ಒಂದಿಷ್ಟು ಎಣ್ಣೆ ಸವರಿ, ಸ್ಟೀಲ್ ವುಲ್‌ನಿಂದ ಕೈಯಲ್ಲೇ ಉಜ್ಜಿ. ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ. ಗ್ಲೌಸ್, ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ಒರೆಸಿದ ಬಟ್ಟೆಯನ್ನು ಮತ್ತೆ ಬಳಸಬೇಡಿ.

ಈಗ ಮುಖ್ಯ ಕೆಲಸ. ಸರಳಿನ ತುದಿಗೆ ಎಂಜಿನ್ ವಾಲ್ವ್ ಉಜ್ಜುವ ಪೇಸ್ಟನ್ನು ಚೂರೇ ಚೂರು ಹಚ್ಚಿ. ಕುಳಿಯಲ್ಲಿ ಕೂರಿಸಿ, ಹಗುರವಾಗಿ ಒತ್ತಿ, ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗಿಸಿ. ಆಗಾಗ ಎತ್ತಿ, ಒರೆಸಿ ನೋಡಿ. ತುದಿಯ ಸುತ್ತ ಮಾಸಲು ಬೂದು ಬಣ್ಣದ ಉಂಗುರ ಮೂಡುತ್ತದೆ. ಅದು ಎಲ್ಲೂ ತುಂಡಾಗದೆ ಪೂರ್ತಿ ಸುತ್ತಿಕೊಂಡಾಗ ನಿಲ್ಲಿಸಿ. ಪೇಸ್ಟಿನ ಒಂದು ಕಣವೂ ಉಳಿಯದಂತೆ ಒರೆಸಿ. ಸರಳು ಬಾಗಿದ್ದರೆ ಅಥವಾ ಹಿಡಿಕೆಗೆ ತಾಗಿ ಪೂರ್ತಿ ಇಳಿಯದಿದ್ದರೆ ಎಷ್ಟು ಉಜ್ಜಿದರೂ ಸೋರುತ್ತದೆ. ಅದನ್ನೂ ನೋಡಿಕೊಳ್ಳಿ.

ಮೊದಲ ಸಲ ಖಾಲಿ ಪಾತ್ರೆಯನ್ನೇ ಹೊರಗೆ, ಗಾಳಿಯಾಡುವ ಕಡೆ ನಿಧಾನ ಕಾಯಿಸಿ. ಉಳಿದ ಎಣ್ಣೆ ಹೊಗೆಯಾಗಿ ಹೋಗಲಿ, ತೇವವೂ ಆರಲಿ. ಕರಗಿದ ಸೀಸದೊಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿ, ಆವಿಯಾಗಿ ಸೀಸವನ್ನು ಮುಖಕ್ಕೇ ಎರಚುತ್ತದೆ. ಆಮೇಲೆ ಸೀಸ ಕರಗಿಸಿದಾಗಲೂ ಮೂತಿಯಿಂದ ಒಂದೆರಡು ಹನಿ ಸೀಸ ಬಿದ್ದರೆ, ಬಿಸಿಯಿರುವಾಗಲೇ ಸರಳನ್ನು ಇಕ್ಕಳದಲ್ಲಿ ಹಿಡಿದು ಸ್ವಲ್ಪ ತಿರುಗಿಸಿ, ಸಿಕ್ಕಿಕೊಂಡ ತುಕ್ಕಿನ ಚೂರು ಬಿಟ್ಟುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ತಳದಲ್ಲಿ ಒಂದು ಬೆರಳಷ್ಟು ಶುದ್ಧ ಸೀಸ ಹಾಗೇ ಗಟ್ಟಿಯಾಗಲಿ. ಅದರಡಿ ತುಕ್ಕು ಹತ್ತುವುದಿಲ್ಲ.