ಓದುಗರ ಪ್ರಶ್ನೆ, ನಮ್ಮ ಉತ್ತರ: ರಾಕ್ ಗಿಟಾರ್ ಮತ್ತು ಬೇಸ್ ವಾದಕರಲ್ಲಿ ಮೊದಲಿಗರು ಯಾರು?

ಈ ಸಂಚಿಕೆಗೆ ಕೊಡಗಿನಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಜಗಳಕ್ಕೆ ಸೇರಿದವು. ಆದ್ದರಿಂದ ಅವುಗಳನ್ನು ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಕಾಫಿ ಕೊಯ್ಲು ಮುಗಿದು ಮನೆಮಂದಿ ಸೇರಿದಾಗಲೆಲ್ಲ ನನಗೂ ನನ್ನ ಸೋದರಮಾವನಿಗೂ ಇದೇ ವಾದ. ಡೀಪ್ ಪರ್ಪಲ್ ತಂಡದ ರಿಚಿ ಬ್ಲ್ಯಾಕ್‌ಮೋರ್‌ಗೆ ಸಮನಾದ ಗಿಟಾರ್ ವಾದಕ ಇನ್ನೂ ಹುಟ್ಟಿಲ್ಲ ಎಂದು ಮಾವ ಹೇಳುತ್ತಾರೆ. ನನ್ನ ಮತ ಎಡ್ಡಿ ವ್ಯಾನ್ ಹೇಲನ್ ಅವರಿಗೆ. ಪತ್ರಿಕೆಗಳ ಪಟ್ಟಿಯಲ್ಲಿ ಮಾತ್ರ ಯಾವಾಗಲೂ ಜಿಮಿ ಹೆಂಡ್ರಿಕ್ಸ್ ಮೊದಲು. ನಮ್ಮಿಬ್ಬರಲ್ಲಿ ಯಾರು ಸರಿ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ಮೊದಲು ಪಟ್ಟಿಗಳ ವಿಷಯ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯು 2003, 2011 ಮತ್ತು 2023ರಲ್ಲಿ ಪ್ರಕಟಿಸಿದ ಮೂರೂ ಪಟ್ಟಿಗಳಲ್ಲಿ ಹೆಂಡ್ರಿಕ್ಸ್ ಅವರೇ ಮೊದಲಿಗರು. ಆದರೆ ಅದೇ ಪಟ್ಟಿಗಳಲ್ಲಿ ನಿಮ್ಮ ವ್ಯಾನ್ ಹೇಲನ್ ಅವರ ಸ್ಥಾನವನ್ನು ನೋಡಿ: 2003ರಲ್ಲಿ 70, 2011ರಲ್ಲಿ 8, 2023ರಲ್ಲಿ 4. ಅವರಿಗೆ ಹೆಸರು ತಂದುಕೊಟ್ಟ ವಾದನ ಹೊರಬಂದದ್ದು 1978ರಲ್ಲಿ. ಆಮೇಲೆ ಅದರ ಒಂದು ಸ್ವರವೂ ಬದಲಾಗಿಲ್ಲ. ಬದಲಾದದ್ದು ಪಟ್ಟಿ ಮಾಡುವವರ ಕಿವಿ. ಆದ್ದರಿಂದ ಪಟ್ಟಿಯನ್ನು ಸಾಕ್ಷಿಯಾಗಿ ತಂದು ಮಾವನವರ ಬಾಯಿ ಮುಚ್ಚಿಸಲು ಹೋಗಬೇಡಿ.

ನಾನು ಬಳಸುವ ಅಳತೆಗೋಲು ಬೇರೆ. ಒಬ್ಬ ವಾದಕರನ್ನು ಚರಿತ್ರೆಯಿಂದ ತೆಗೆದುಹಾಕಿದರೆ, ಅವರ ನಂತರ ಬಂದವರ ಕೈಯಿಂದ ಏನೇನು ಕಾಣೆಯಾಗುತ್ತದೆ ಎಂದು ಕೇಳಿಕೊಳ್ಳಬೇಕು. ವೇಗ, ಜನಪ್ರಿಯತೆ, ಮಾರಾಟವಾದ ಆಲ್ಬಮ್‌ಗಳ ಸಂಖ್ಯೆ ಇವೆಲ್ಲ ಆಮೇಲಿನ ಮಾತು.

ಮಾವನವರ ಪಕ್ಷವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಕ್ಯಾಸಿನೊ ಕಟ್ಟಡ ಹೊತ್ತಿ ಉರಿದುದನ್ನು ಕಂಡು ಡೀಪ್ ಪರ್ಪಲ್ ತಂಡ ಕಟ್ಟಿದ ಹಾಡಿನ ಆರಂಭದ ಗಿಟಾರ್ ಪಲುಕನ್ನು ನುಡಿಸದೆ ಗಿಟಾರ್ ಕಲಿತವರು ನಮ್ಮಲ್ಲಿ ವಿರಳ. ಆದರೆ ಅದನ್ನು ಹೆಚ್ಚಿನವರು ಒಂದೇ ತಂತಿಯ ಮೇಲೆ, ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿದು ನುಡಿಸುತ್ತಾರೆ. ಬ್ಲ್ಯಾಕ್‌ಮೋರ್ ಹಾಗೆ ನುಡಿಸಿದವರಲ್ಲ. ಷಡ್ಜ ಮತ್ತು ಶುದ್ಧ ಮಧ್ಯಮದಷ್ಟು ಅಂತರವಿರುವ ಎರಡು ಸ್ವರಗಳನ್ನು ಅಕ್ಕಪಕ್ಕದ ಎರಡು ತಂತಿಗಳ ಮೇಲೆ ಒತ್ತಿಹಿಡಿದು, ಎರಡನ್ನೂ ಬೆರಳುಗಳಿಂದಲೇ ಒಟ್ಟಿಗೆ ಮೀಟಿದರು. ಮನೆಯಲ್ಲಿ ಗಿಟಾರ್ ಇದ್ದರೆ ಎರಡೂ ರೀತಿಯಲ್ಲಿ ನುಡಿಸಿ ನೋಡಿ. ಒಂದು ತಂತಿಯದ್ದು ಬರಿಯ ರಾಗವಾಗಿ ಕೇಳುತ್ತದೆ, ಎರಡು ತಂತಿಯದ್ದು ಗಡಸಾಗಿ, ಬೆದರಿಸುವಂತೆ ಕೇಳುತ್ತದೆ. ಯುರೋಪಿನ ಶಾಸ್ತ್ರೀಯ ಸಂಗೀತದ ಸ್ವರಶ್ರೇಣಿಗಳನ್ನು ಗಟ್ಟಿ (ಹಾರ್ಡ್) ರಾಕ್‌ನೊಳಗೆ ತಂದವರಲ್ಲಿಯೂ ಅವರು ಮುಂಚೂಣಿಯವರು.

ವ್ಯಾನ್ ಹೇಲನ್ ಅವರ 1978ರ ಆ ಪ್ರಸಿದ್ಧ ತುಣುಕು ಎರಡು ನಿಮಿಷವೂ ಇಲ್ಲ. ಮೀಟುವ ಕೈಯ ಬೆರಳನ್ನೂ ಗಿಟಾರಿನ ಕುತ್ತಿಗೆಯ ಮೇಲೆ ತಂದು ತಂತಿಯನ್ನು ತಟ್ಟಿ ನುಡಿಸುವ ‘ಟ್ಯಾಪಿಂಗ್’ ಅವರಿಗಿಂತ ಮುಂಚೆಯೂ ಇತ್ತು. ಜೆನೆಸಿಸ್ ತಂಡದ ಸ್ಟೀವ್ ಹ್ಯಾಕೆಟ್ 1970ರ ದಶಕದ ಆರಂಭದಲ್ಲಿಯೇ ಅದನ್ನು ಬಳಸಿದ್ದರು. ಆದರೆ ಅದನ್ನು ಒಂದು ಪೂರ್ಣ ಭಾಷೆಯಾಗಿ ಬೆಳೆಸಿದವರು ಎಡ್ಡಿ, ಮತ್ತು ಮುಂದಿನ ಹತ್ತು ವರ್ಷ ಅಮೆರಿಕದ ಗಟ್ಟಿ ರಾಕ್ ವಾದಕರಲ್ಲಿ ಹಲವರು ಅವರ ನೆರಳಿನಲ್ಲಿಯೇ ನುಡಿಸಿದರು.

ಇಷ್ಟಾದರೂ ನನ್ನ ಮತ ಹೆಂಡ್ರಿಕ್ಸ್ ಅವರಿಗೆ. 1967ರಲ್ಲಿ ಮೊದಲ ಆಲ್ಬಮ್, 1970ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಸಾವು, ಆಗ ವಯಸ್ಸು 27. ಈ ಅಲ್ಪಾವಧಿಯಲ್ಲಿ ಅವರು ಮಾಡಿದ್ದೇನು ಎಂಬುದಕ್ಕೆ ಅಭಿಮಾನಿಗಳು ಸಾಮಾನ್ಯವಾಗಿ ಗಿಟಾರಿಗೆ ಬೆಂಕಿ ಹಚ್ಚಿದ ಕಥೆಯನ್ನು ಹೇಳುತ್ತಾರೆ, ಆದರೆ ಸಂಗೀತದ ದೃಷ್ಟಿಯಿಂದ ಅದು ಗೌಣ. ನೋಡಬೇಕಾದದ್ದು ಅವರ ಹೆಬ್ಬೆರಳನ್ನು. ಉದ್ದನೆಯ ಹೆಬ್ಬೆರಳನ್ನು ಕುತ್ತಿಗೆಯ ಮೇಲ್ಭಾಗದಿಂದ ಬಾಗಿಸಿ ದಪ್ಪ ತಂತಿಯ ಮಂದ್ರ ಸ್ವರವನ್ನು ಒತ್ತುತ್ತಿದ್ದುದರಿಂದ ಉಳಿದ ನಾಲ್ಕು ಬೆರಳುಗಳು ಬಿಡುವಾಗಿ, ಹಿನ್ನೆಲೆಯ ಸ್ವರಮೇಳವನ್ನೂ ಅದರ ನಡುವೆ ಸುಳಿಯುವ ರಾಗದ ಎಳೆಗಳನ್ನೂ ಒಬ್ಬರೇ ಒಟ್ಟಿಗೆ ನುಡಿಸಲು ಸಾಧ್ಯವಾಯಿತು. ಮೂವರೇ ಇದ್ದ ತಂಡ ಅಷ್ಟು ತುಂಬಿಕೊಂಡು ಕೇಳಿಸುತ್ತಿದ್ದುದರ ಗುಟ್ಟಿನಲ್ಲಿ ಇದೂ ಒಂದು. ಎಡಗೈಯವರಾದ ಅವರು ಬಲಗೈಯವರ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ತಿರುಗಿಸಿ ಹಿಡಿದು ತಂತಿಗಳನ್ನು ಮರುಜೋಡಿಸಿಕೊಳ್ಳುತ್ತಿದ್ದರು. ಹಾಗಾಗಿ ಆ ಗಿಟಾರಿನಲ್ಲಿ ಓರೆಯಾಗಿ ಕೂರಿಸಿರುವ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ದಿಕ್ಕೂ ತಿರುವುಮುರುವಾಗಿ ತೆಳು ತಂತಿಗಳ ನಾದ ಸ್ವಲ್ಪ ಮೃದುವಾಗುತ್ತಿತ್ತು. ಇನ್ನು ಆಂಪ್ಲಿಫೈಯರ್ ಮತ್ತು ಗಿಟಾರ್ ಎದುರುಬದುರಾದಾಗ ಹುಟ್ಟುವ ಕೂಗು, ಅಂದರೆ ಫೀಡ್‌ಬ್ಯಾಕ್. ಅದನ್ನು ಬಳಸಿದವರಲ್ಲಿ ಅವರು ಮೊದಲಿಗರಲ್ಲ, ಆದರೆ ಅದನ್ನು ಬೇಕಾದ ಸ್ವರಕ್ಕೆ ಪಳಗಿಸಿ ನಿಲ್ಲಿಸಿದವರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದಾಗ ರಾಗದ ಸಾಲುಗಳ ನಡುವೆ ವಿಮಾನ ಮತ್ತು ಬಾಂಬಿನ ಸದ್ದನ್ನು ಗಿಟಾರಿನಿಂದಲೇ ಹೊರಡಿಸಿದರು.

ಬ್ಲ್ಯಾಕ್‌ಮೋರ್ ಇಲ್ಲದಿದ್ದರೆ ಗಟ್ಟಿ ರಾಕ್ ಬಡವಾಗುತ್ತಿತ್ತು. ಎಡ್ಡಿ ಇಲ್ಲದಿದ್ದರೆ 1980ರ ದಶಕ ಬೇರೆಯಾಗುತ್ತಿತ್ತು. ಹೆಂಡ್ರಿಕ್ಸ್ ಇಲ್ಲದಿದ್ದರೆ ಅವರಿಬ್ಬರೂ ನಾವು ಬಲ್ಲ ಬ್ಲ್ಯಾಕ್‌ಮೋರ್ ಮತ್ತು ಎಡ್ಡಿ ಆಗುತ್ತಿದ್ದರೋ ಇಲ್ಲವೋ ಎಂಬುದೇ ಅನುಮಾನ. ಮಾವ ಅಳಿಯ ಇಬ್ಬರಿಗೂ ಎರಡನೆಯ ಬಹುಮಾನ ಹಂಚಿಕೊಳ್ಳಲು ಅಡ್ಡಿಯಿಲ್ಲ.

ಪ್ರಶ್ನೆ: ಕಾಲೇಜಿನ ತಂಡದಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಗೆಳೆಯರು ಮೊಬೈಲಿನಲ್ಲಿ ನಮ್ಮ ಹಾಡು ಕೇಳಿ, ‘ನೀನು ನುಡಿಸಿದ್ದೀಯಾ?’ ಎಂದು ನಗುತ್ತಾರೆ. ಶ್ರೇಷ್ಠ ಬೇಸ್ ವಾದಕರು ಯಾರು, ಮತ್ತು ಅವರ ಬಗ್ಗೆ ಯಾರೂ ಏಕೆ ವಾದಿಸುವುದಿಲ್ಲ?
— ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: ಗೆಳೆಯರ ನಗುವಿಗೆ ಕಾರಣ ಅವರ ಕೈಯಲ್ಲಿರುವ ಮೊಬೈಲ್. ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41; ಸಾಧಾರಣ ಗಿಟಾರಿನ ದಪ್ಪ ತಂತಿಯದ್ದು ಅದರ ಇಮ್ಮಡಿ, ಸುಮಾರು 82. ಬೆರಳಗಲದ ಮೊಬೈಲ್ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರವನ್ನು ಹೊರಡಿಸುವ ಶಕ್ತಿಯೇ ಇರುವುದಿಲ್ಲ. ನಮಗೆ ಕೇಳಿಸುವುದು ಆ ಸ್ವರದ ಮೇಲಿನ ಅನುರಣನಗಳು ಮಾತ್ರ. ಅವರಿಗೆ ಒಂದು ಒಳ್ಳೆಯ ಹೆಡ್‌ಫೋನ್ ಹಾಕಿಸಿ, ಅದೇ ಹಾಡನ್ನು ಬೇಸ್ ಇದ್ದಂತೆಯೂ ಇಲ್ಲದಂತೆಯೂ ಕೇಳಿಸಿ. ನಮ್ಮ ಕೊಡವ ಮದುವೆಮನೆಯ ವಾಲಗದಲ್ಲಿ ಕಿವಿ ಹಿಡಿಯುವುದು ಊದುವ ವಾದ್ಯದ ರಾಗವನ್ನು, ಆದರೆ ಕಾಲು ಕುಣಿಯುವುದು ಡೋಲಿನ ಪೆಟ್ಟಿಗೆ. ಬೇಸ್ ವಾದಕನ ಪಾಡೂ ಡೋಲಿನವನ ಪಾಡೇ.

ಲಿಯೊ ಫೆಂಡರ್ ಅವರ ಕಂಪನಿ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಅದಕ್ಕೆ ನಿಜವಾದ ಮಾತು ಕಲಿಸಿದವರು ಡೆಟ್ರಾಯಿಟ್‌ನ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯ ಸ್ಟುಡಿಯೊ ವಾದಕ ಜೇಮ್ಸ್ ಜೇಮರ್‌ಸನ್ (1936–1983). ಬಲಗೈಯ ತೋರುಬೆರಳೊಂದರಿಂದಲೇ ಅವರು ಮೀಟುತ್ತಿದ್ದರು. ತಂತಿಗಳನ್ನು ತುಂಡಾಗುವವರೆಗೂ ಬದಲಾಯಿಸುತ್ತಿರಲಿಲ್ಲ. ಹಳೆಯ ತಂತಿಯ ಮಂದವಾದ ನಾದವೇ ಅವರಿಗೆ ಬೇಕಿತ್ತು. (ಮಳೆಗಾಲದಲ್ಲಿ ವಿರಾಜಪೇಟೆಯ ತೇವಕ್ಕೆ ತಂತಿ ತುಕ್ಕು ಹಿಡಿಯಿತೆಂದು ಕೊರಗುವವರು ಇದನ್ನು ನೆನಪಿಡಬಹುದು, ಆದರೆ ತುಕ್ಕು ಬೇರೆ, ಹಳಮೆ ಬೇರೆ.) ಅವರು ಬೇಸ್ ನುಡಿಸಿದ ಹಾಡುಗಳು ಜಗತ್ತಿನಾದ್ಯಂತ ಮೊಳಗುತ್ತಿದ್ದಾಗಲೂ ಆಲ್ಬಮ್ ಹೊದಿಕೆಯ ಮೇಲೆ ಅವರ ಹೆಸರು ಇರುತ್ತಿರಲಿಲ್ಲ, 1971ರಲ್ಲಿ ಮಾರ್ವಿನ್ ಗೇ ಅವರ ಆಲ್ಬಮ್ ಒಂದರಲ್ಲಿ ಆ ಹೆಸರು ಅಚ್ಚಾಯಿತು. ಬೇಸ್ ವಾದಕರ ಬಗ್ಗೆ ಏಕೆ ಯಾರೂ ವಾದಿಸುವುದಿಲ್ಲ ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ. ಹೆಸರೇ ತಿಳಿಯದವರ ಪರವಾಗಿ ವಾದಿಸುವುದು ಹೇಗೆ?

ಜೇಮರ್‌ಸನ್ ಅವರದ್ದು ಸೋಲ್ ಸಂಗೀತ, ಅಂದರೆ ಅಮೆರಿಕದ ಕಪ್ಪು ಜನರ ಭಾವಪೂರ್ಣ ಗಾಯನ ಶೈಲಿ. ಪ್ರಶ್ನೆಯನ್ನು ರಾಕ್‌ಗೆ ಸೀಮಿತಗೊಳಿಸಿದರೆ ಸಾಮಾನ್ಯವಾಗಿ ಮೊದಲು ಬರುವ ಹೆಸರು ದ ಹೂ ತಂಡದ ಜಾನ್ ಎಂಟ್‌ವಿಸಲ್. 1965ರಲ್ಲಿಯೇ ಜನಪ್ರಿಯ ಹಾಡೊಂದರ ನಡುವೆ ಬೇಸ್ ಗಿಟಾರಿನ ಏಕವಾದನ ನುಡಿಸಿ ಎಲ್ಲರನ್ನೂ ಬೆರಗುಗೊಳಿಸಿದವರು. ಕ್ರೀಮ್ ತಂಡದ ಜ್ಯಾಕ್ ಬ್ರೂಸ್ ಹಾಡುತ್ತಲೇ ಎರಿಕ್ ಕ್ಲಾಪ್ಟನ್ ಅವರ ಗಿಟಾರಿನೊಡನೆ ಸರಿಸಮನಾಗಿ ಸೆಣಸಿದವರು. ಇಬ್ಬರ ಕೌಶಲದ ಬಗ್ಗೆಯೂ ಎರಡು ಮಾತಿಲ್ಲ.

ಆದರೂ ನಾನು ಮೊದಲ ಸ್ಥಾನವನ್ನು ಪಾಲ್ ಮೆಕಾರ್ಟ್ನಿ ಅವರಿಗೆ ಕೊಡುತ್ತೇನೆ. ಬೀಟಲ್ಸ್ ತಂಡದ ಹಿಂದಿನ ಬೇಸ್ ವಾದಕ ತಂಡ ತೊರೆದದ್ದರಿಂದ 1961ರಲ್ಲಿ ಆ ಕೆಲಸ ಅವರ ಹೆಗಲಿಗೆ ಬಿತ್ತು. ಜೇಮರ್‌ಸನ್ ಅವರಿಂದ ಕಲಿತದ್ದನ್ನು ಅವರೇ ಹೇಳಿಕೊಂಡಿದ್ದಾರೆ. 1967ರ ಹೊತ್ತಿಗೆ ಅವರ ಕ್ರಮವೇ ಬೇರೆಯಾಯಿತು: ಉಳಿದ ವಾದ್ಯಗಳ ಮುದ್ರಣವೆಲ್ಲ ಮುಗಿದ ಮೇಲೆ ಸ್ಟುಡಿಯೊದಲ್ಲಿ ಕುಳಿತು, ಹಾಡನ್ನು ಇಡಿಯಾಗಿ ಕೇಳಿಸಿಕೊಂಡು, ಬೇಸ್ ಗಿಟಾರನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಸೇರಿಸುತ್ತಿದ್ದರು. ಹಾಡುವವರ ರಾಗ ಒಂದು ಕಡೆ ನಡೆದರೆ ಬೇಸ್‌ನ ರಾಗ ಅದಕ್ಕೆ ಎದುರಾಗಿ ಇನ್ನೊಂದು ಕಡೆ ಏರಿಳಿಯುವ ಆ ವಿನ್ಯಾಸ ಬಂದದ್ದು ಹೀಗೆ. ಎಂಟ್‌ವಿಸಲ್ ಅವರನ್ನು ಅನುಕರಿಸಲು ಅವರಂಥ ಬೆರಳುಗಳು ಬೇಕು. ಮೆಕಾರ್ಟ್ನಿ ಅವರಿಂದ ಕಲಿಯಲು ಹಾಡನ್ನು ಕೇಳುವ ತಾಳ್ಮೆ ಇದ್ದರೆ ಸಾಕು, ಹಾಗೆ ಕಲಿತವರ ಸಂಖ್ಯೆಯೂ ಬಹಳ ದೊಡ್ಡದು.

ಪ್ರಶ್ನೆ: ಹೆಚ್ಚು ವೇಗವಾಗಿ ನುಡಿಸುವವರೇ ಹೆಚ್ಚು ದೊಡ್ಡ ವಾದಕರಲ್ಲವೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಅಲ್ಲ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಒಂದೇ ಸ್ವರವನ್ನು ಎಳೆದು ನಿಲ್ಲಿಸಿ ಮಾಡುವುದನ್ನು ಎಷ್ಟೋ ವೇಗಿಗಳು ನೂರು ಸ್ವರಗಳಲ್ಲಿಯೂ ಮಾಡಲಾರರು. ಇನ್ನೊಂದು ಉದಾಹರಣೆ ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಐಯೋಮಿ. ಬರ್ಮಿಂಗ್‌ಹ್ಯಾಮ್‌ನ ತಗಡು ಕಾರ್ಖಾನೆಯಲ್ಲಿ 17ನೆಯ ವಯಸ್ಸಿನಲ್ಲಿ ಅವರ ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅವರು ಎಡಗೈಯವರಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ತೊಡುವ ಟೊಪ್ಪಿಗೆ ಮಾಡಿಕೊಂಡರು, ಬೆರಳಿಗೆ ಹಗುರವಾಗಲೆಂದು ಸಡಿಲವಾದ, ತೆಳುವಾದ ತಂತಿಗಳನ್ನು ಬಳಸಿದರು. 1971ರ ಆಲ್ಬಮ್‌ನಲ್ಲಿ ಹಲವು ಹಾಡುಗಳಿಗೆ ಶ್ರುತಿಯನ್ನು ಒಂದೂವರೆ ಸ್ವರದಷ್ಟು ಕೆಳಗಿಳಿಸಿದರು. ರಾಕ್‌ನ ಗಡಸು ಕವಲಾದ ಹೆವಿ ಮೆಟಲ್‌ನ ಆ ಭಾರವಾದ ನಾದ ಬೆಳೆದದ್ದು ಇಲ್ಲಿಂದಲೇ.

ಪ್ರಶ್ನೆ: ಈ ಪಟ್ಟಿಗಳಲ್ಲಿ ಮಹಿಳೆಯರು ಏಕಿಲ್ಲ?
— ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಇದ್ದಾರೆ, ಇರಬೇಕಾದಷ್ಟು ಮೇಲಿಲ್ಲ. ರಾಕ್ ಅಂಡ್ ರೋಲ್‌ನ ಆದ್ಯರಲ್ಲೊಬ್ಬರಾದ ಚಕ್ ಬೆರಿ ಅವರಿಗಿಂತ ಮುಂಚೆಯೇ ಚರ್ಚಿನ ಹಾಡುಗಳಿಗೆ ವಿದ್ಯುತ್ ಗಿಟಾರ್ ಮೊಳಗಿಸಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ 1973ರಲ್ಲಿ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿದ್ದು 2018ರಲ್ಲಿ. ಬೇಸ್‌ಗೆ ಕ್ಯಾರೊಲ್ ಕೇ ಅವರ ವಾದನವನ್ನು ಕೇಳಿ. ಲಾಸ್ ಏಂಜಲಿಸ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ ಅವರು, 1963ರಲ್ಲಿ ಒಂದು ಧ್ವನಿಮುದ್ರಣಕ್ಕೆ ಬೇಸ್ ವಾದಕರು ಬಾರದಿದ್ದಾಗ ಆ ವಾದ್ಯವನ್ನು ಎತ್ತಿಕೊಂಡರು. ಬೀಚ್ ಬಾಯ್ಸ್ ತಂಡದ 1966ರ ಹೆಸರಾಂತ ಆಲ್ಬಮ್‌ನಲ್ಲಿ ಅವರ ಬೇಸ್ ವಾದನವಿದೆ. ಮೇಲೆ ಹೇಳಿದ ಜೇಮರ್‌ಸನ್ ಅವರ ಕಥೆಯೇ ಇವರದ್ದೂ: ಹಾಡು ಎಲ್ಲರಿಗೂ ಗೊತ್ತು, ಹೆಸರು ಕೆಲವರಿಗೆ.

ಪ್ರಶ್ನೆ: ಮೆಟಾಲಿಕಾ ತಂಡದ ಕ್ಲಿಫ್ ಬರ್ಟನ್ ಅವರನ್ನು ನೀವು ಎಲ್ಲಿಡುತ್ತೀರಿ?
— ಓದುಗರೊಬ್ಬರು, ಕುಶಾಲನಗರ

ಉತ್ತರ: ಬೇಸ್ ಗಿಟಾರಿಗೆ ವಾ-ವಾ ಪೆಡಲ್ (ಕಾಲಿನಿಂದ ಒತ್ತಿ ನಾದವನ್ನು ಅಲೆಯಾಡಿಸುವ ಸಾಧನ) ಮತ್ತು ಡಿಸ್ಟಾರ್ಷನ್ (ನಾದವನ್ನು ಒಡಕಾಗಿಸುವ ಸಾಧನ) ಜೋಡಿಸಿ, 1983ರ ಮೊದಲ ಆಲ್ಬಮ್‌ನಲ್ಲಿಯೇ ಏಕವಾದನಕ್ಕೆ ಒಂದು ಇಡೀ ಹಾಡಿನ ಜಾಗ ಪಡೆದವರು ಅವರು. 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ತಂಡದ ಬಸ್ ಮಗುಚಿ ತೀರಿಕೊಂಡಾಗ ವಯಸ್ಸು 24, ಆಲ್ಬಮ್‌ಗಳು ಮೂರು. ಮೆಟಲ್ ವಾದಕರ ಪಟ್ಟಿಯಾದರೆ ಮೊದಲಿಗರು. ಒಟ್ಟು ರಾಕ್ ಎಂದರೆ ಮೊದಲ ಹತ್ತರೊಳಗೆ ಖಂಡಿತ, ಮೊದಲ ಮೂವರಲ್ಲಿ ಇಲ್ಲ.