ಪರೀಕ್ಷೆ ‘ಯಾವ ಮನೆ?’ ಎಂದು ಕೇಳುವುದಿಲ್ಲ, ಟೀಚರೇ

‘ಸಂಪಾದಕರೇ, ನನ್ನ ಮೊಮ್ಮಗಳಿಗೆ ದ್ವಿತೀಯ ಪಿಯುಸಿಯಲ್ಲಿ ಶೇಕಡಾ 96 ಬಂದಿದೆ. ನೀಟ್‌ನಲ್ಲಿ ಮಾತ್ರ ಸೀಟಿಗೆ ಸಾಲದಷ್ಟು ಅಂಕ. ಎರಡು ವರ್ಷ ಓದಿದ್ದಕ್ಕೆ ಬೆಲೆಯಿಲ್ಲ, ಮೂರು ಗಂಟೆ ಕೂತು ಸೊನ್ನೆ ತುಂಬಿಸುವ ಆಟಕ್ಕೆ ಬೆಲೆ. ನಮ್ಮ ಕಾಲದಲ್ಲಿ ಪಿಯುಸಿ ಅಂಕ ನೋಡಿ, ಮಗುವನ್ನು ಎದುರಿಗೆ ಕೂರಿಸಿ ಎರಡು ಮಾತಾಡಿಸಿ ಸೀಟು ಕೊಡುತ್ತಿದ್ದರು. ನೀಟ್, ಸಿಇಟಿ ಎಲ್ಲ ತೆಗೆದು ಆ ಪದ್ಧತಿಯನ್ನೇ ತನ್ನಿ ಎಂದು ನಿಮ್ಮ ಪತ್ರಿಕೆ ಬರೆಯಬಾರದೇ?’
— ನಿವೃತ್ತ ಶಿಕ್ಷಕಿ, ಶನಿವಾರಸಂತೆ

ಟೀಚರೇ,

ಇನ್‌ಲ್ಯಾಂಡ್ ಲೆಟರಿನ ಮಡಿಕೆಯ ಅಂಚನ್ನೂ ಬಿಡದೆ ತುಂಬಿಸಿ ಬರೆಯುವ ಓದುಗರು ಈಗ ನೀವೊಬ್ಬರೇ ಉಳಿದಿದ್ದೀರಿ. ನಿಮ್ಮ ದುಂಡಕ್ಷರ ನೋಡಿ ನಮ್ಮ ಡಿಟಿಪಿ ಹುಡುಗ ‘ಸಾರ್, ಇದು ಯಾವ ಫಾಂಟ್?’ ಎಂದು ಕೇಳಿದ. ಇಷ್ಟು ಚೆಂದದ ಅಕ್ಷರದಲ್ಲಿ ಬಂದ ಮಾತನ್ನು ಒಪ್ಪುವುದಿಲ್ಲ ಎನ್ನಲು ಸಂಕೋಚವಾಗುತ್ತದೆ. ಆದರೂ ಒಪ್ಪಲಾರೆ.

ನಿಮ್ಮ ಸಿಟ್ಟಿಗೆ ಕಾರಣವೇ ಇಲ್ಲ ಎನ್ನುತ್ತಿಲ್ಲ. 2024ರ ನೀಟ್‌ನ ಮೊದಲ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದದ್ದು, 1,563 ಮಂದಿಗೆ ಕೊಟ್ಟ ಕೃಪಾಂಕವನ್ನು ಆಮೇಲೆ ಹಿಂದಕ್ಕೆ ಪಡೆದದ್ದು, ಪ್ರಶ್ನೆಪತ್ರಿಕೆ ಸೋರಿದ್ದು ಎಲ್ಲವನ್ನೂ ಕಂಡಿದ್ದೇವೆ. ಅದೇ ವರ್ಷ ನಮ್ಮದೇ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ್ದನ್ನು ಕೇಳಿ, ಕೊನೆಗೆ 50 ಪ್ರಶ್ನೆಗಳನ್ನು ಲೆಕ್ಕಕ್ಕೆ ಹಿಡಿಯದೆ ಕೈಬಿಟ್ಟರು. ಕೋಚಿಂಗ್‌ಗೆ ದುಡ್ಡು ಸುರಿಯಬಲ್ಲವರ ಮಕ್ಕಳು ನಾಲ್ಕು ಹೆಜ್ಜೆ ಮುಂದಿನಿಂದಲೇ ಓಡಲು ಶುರುಮಾಡುತ್ತಾರೆ ಎನ್ನುವುದೂ ಸುಳ್ಳಲ್ಲ. ಸರಿ, ಒಪ್ಪಿದೆ. ಈಗ ನಿಮ್ಮ ಪತ್ರದ ಆ ಒಂದು ಸಾಲಿಗೆ ಬರುತ್ತೇನೆ: ‘ಎದುರಿಗೆ ಕೂರಿಸಿ ಎರಡು ಮಾತಾಡಿಸಿ.’ ಆ ಎರಡು ಮಾತು ಯಾವುವು ಎಂದು ನನಗೆ ಗೊತ್ತು. ನಾನು ಅಲ್ಲಿ ಕೂತಿದ್ದವನು.

1982. ಪಿಯುಸಿಯಲ್ಲಿ ನನಗೆ ತಕ್ಕಮಟ್ಟಿಗೆ ಒಳ್ಳೆಯ ಅಂಕವೇ ಬಂದಿತ್ತು. ಮಗ ಡಾಕ್ಟರಾಗಲಿ ಎಂದು ಅಪ್ಪ ನನ್ನನ್ನು ಘಟ್ಟದ ಕೆಳಗಿನ ಒಂದು ಕಾಲೇಜಿಗೆ ಕರೆದುಕೊಂಡು ಹೋದರು. ಜೂನ್ ತಿಂಗಳು, ಮಳೆ. ಅಂಕಪಟ್ಟಿ ಒದ್ದೆಯಾಗಬಾರದೆಂದು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದೆ. ಮೇಜಿನ ಆಚೆ ಇದ್ದವರು ಬಹಳ ಸೌಜನ್ಯದವರು, ಕಾಫಿ ತರಿಸಿದರು. ‘ಕೊಡಗಿನಲ್ಲಿ ಯಾವ ಊರು?’ ಎಂದರು. ಅಪ್ಪ ಹೇಳಿದರು. ‘ಯಾವ ಮನೆಯವರು?’ ಅದನ್ನೂ ಹೇಳಿದರು. ‘ತೋಟ ಎಷ್ಟು ಎಕರೆ?’ ನಾಲ್ಕು. ‘ಅರೇಬಿಕಾನೋ, ರೋಬಸ್ಟಾನೋ?’ ಅಷ್ಟಕ್ಕೆ ಸಂದರ್ಶನ ಮುಗಿಯಿತು. ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಲಿಲ್ಲ. ಒಂದು ಚೀಟಿಯಲ್ಲಿ ಏನೋ ಅಂಕಿ ಬರೆದು ಅಪ್ಪನ ಕಡೆ ಸರಿಸಿದರು.

ಆಗ ಕಾಫಿಯನ್ನು ಬೇಕಾದವರಿಗೆ ಮಾರುವಂತಿರಲಿಲ್ಲ ಎಂಬುದು ನಿಮಗೂ ನೆನಪಿರಬೇಕು. ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕು, ದುಡ್ಡು ಕಂತುಕಂತಾಗಿ ಬರಬೇಕು. ಆ ಚೀಟಿಯ ಅಂಕಿಗೆ ಕಂತು ಇರಲಿಲ್ಲ. ಸಂಪಾಜೆ ಘಾಟಿ ಹತ್ತುವಷ್ಟು ಹೊತ್ತೂ ಅಪ್ಪ ಮಾತಾಡಲಿಲ್ಲ. ಅಂಕಪಟ್ಟಿ ಮಾತ್ರ ಹೋದ ಹಾಗೆಯೇ, ಚೀಲ ಬಿಚ್ಚದೆ, ಮನೆಗೆ ಬಂತು. ನಾನು ಡಾಕ್ಟರಾಗದಿದ್ದುದರಿಂದ ಕೊಡಗಿನ ರೋಗಿಗಳಿಗೆ ಒಳ್ಳೆಯದೇ ಆಗಿರಬಹುದು, ಆ ಮಾತು ಬೇರೆ.

ಇದು ನಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ಹಳೆಯ ಮೈಸೂರು ರಾಜ್ಯದಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಸೀಟಿಗೆ ಐಚ್ಛಿಕ ವಿಷಯಗಳ ಒಟ್ಟು ಅಂಕದ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದರು. ಅದು ಸುಪ್ರೀಂ ಕೋರ್ಟಿಗೆ ಹೋಯಿತು, 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಕೋರ್ಟು ಪರವಾಗಿಲ್ಲ ಎಂದಿತು. ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬರವಣಿಗೆಗೆ 100 ಅಂಕ, ಸಂದರ್ಶನಕ್ಕೆ 50. 1980ರಲ್ಲಿ ಅಜಯ್ ಹಾಸಿಯಾ ಪ್ರಕರಣದ ತೀರ್ಪು ಬಂದಾಗ ಹೊರಬಿದ್ದದ್ದೇನು? ಒಬ್ಬೊಬ್ಬ ಹುಡುಗನನ್ನು ಮಾತಾಡಿಸಿದ್ದು ಎರಡೋ ಮೂರೋ ನಿಮಿಷ, ಕೇಳಿದ್ದು ಅಪ್ಪ ಯಾರು, ಊರು ಯಾವುದು ಎಂದು. ಟೀಚರೇ, ಕಾಶ್ಮೀರದಲ್ಲೂ ಅದೇ ಪ್ರಶ್ನೆ! ಸಂದರ್ಶನಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕ ಇಡುವುದು ಸಲ್ಲದು ಎಂದು ಕೋರ್ಟು ಹೇಳಬೇಕಾಯಿತು.

ಕ್ಯಾಪಿಟೇಶನ್, ಅಂದರೆ ಸೀಟಿಗೆ ಕೇಳುವ ವಂತಿಗೆ, ನಿಷೇಧಿಸಿ ನಮ್ಮ ರಾಜ್ಯ ಕಾನೂನು ಮಾಡಿದ್ದು 1984ರಲ್ಲಿ. ಕಾನೂನು ಬಂದ ಕೂಡಲೇ ಚೀಟಿ ನಿಂತಿತೇ? ಮೀರತ್‌ನ ಮೋಹಿನಿ ಜೈನ್ ಎಂಬಾಕೆಗೆ ಇಲ್ಲಿನ ಖಾಸಗಿ ಮೆಡಿಕಲ್ ಕಾಲೇಜೊಂದು ವರ್ಷಕ್ಕೆ 60,000 ರೂಪಾಯಿ ಕಟ್ಟು ಎಂದಿತ್ತು. ಸರ್ಕಾರಿ ಸೀಟಿನ ಶುಲ್ಕ ಆಗ 2,000. ಆ ಪ್ರಕರಣದಲ್ಲಿ 1992ರ ತೀರ್ಪು, ಅದರ ಬೆನ್ನಿಗೆ 1993ರ ಉನ್ನಿಕೃಷ್ಣನ್ ತೀರ್ಪು ಬಂದವು. ಖಾಸಗಿ ಕಾಲೇಜುಗಳ ಸೀಟೂ ಅರ್ಹತೆಯ ಪಟ್ಟಿಯಿಂದಲೇ ತುಂಬಬೇಕು ಎಂದಾದ ಮೇಲೆ 1994ರಲ್ಲಿ ಸಿಇಟಿ ಹುಟ್ಟಿತು. ನೀವು ‘ಸೊನ್ನೆ ತುಂಬಿಸುವ ಆಟ’ ಎಂದು ಬರೆದಿದ್ದೀರಲ್ಲ, ಆ ಆಟ ಹೀಗೆ ಬಂದದ್ದು. ಅದು ಬಂದ ವರ್ಷ, ಬರೆಯುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲದಿದ್ದರೂ ನಾನು ಸಿಹಿ ಹಂಚಿದ್ದೆ.

ಕಾಫಿ ಪೂಲ್‌ನಿಂದ ಹೊರಬಂದದ್ದೂ ಅದೇ ದಶಕದಲ್ಲಿ. ಮುಕ್ತ ಮಾರುಕಟ್ಟೆ ಎಂದು ಖುಷಿಯಿಂದ ಚೀಲ ಹೊತ್ತು ಹೋದೆವು. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಒಂದು ಬೇಳೆಯನ್ನು ಹಲ್ಲಿನಲ್ಲಿ ಕಚ್ಚಿ, ‘ಹಸಿ ಇದೆ’ ಎನ್ನುತ್ತಿದ್ದ. ಅಷ್ಟೇ, ರೇಟು ಇಳಿಯಿತು. ದೊಡ್ಡ ಸಾಹುಕಾರರ ಚೀಲದ ಕಾಫಿ ಅದೇ ಹಲ್ಲಿಗೆ ಚೆನ್ನಾಗಿ ಒಣಗಿರುತ್ತಿತ್ತು! ಆಮೇಲೆ ಮೇಜಿನ ಮೇಲೆ ಮಾಯಿಶ್ಚರ್ ಮೀಟರ್ ಬಂತು. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಔಟ್‌ಟರ್ನ್ (ಸಿಪ್ಪೆ ಹೋಗಿ ಉಳಿಯುವ ಬೇಳೆ) ಎಷ್ಟು ಎಂದು ನಮ್ಮ ಕಣ್ಣೆದುರೇ ಲೆಕ್ಕ ಹಾಕುವುದು ಬಂತು. ಮೀಟರಿನಲ್ಲೂ ಕೈಚಳಕ ತೋರಿಸುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ಅಂಥ ಕಡೆ ಜಗಳ ಮಾಡಿದ್ದೇವೆ, ಚೀಲ ಹೊತ್ತು ಬೇರೆ ಅಂಗಡಿಗೆ ಹೋಗಿದ್ದೇವೆ. ಆದರೆ ‘ಈ ಮೀಟರ್ ಬೇಡ, ನೀವೇ ಕಚ್ಚಿ ನೋಡಿ ಹೇಳಿ’ ಎಂದ ಬೆಳೆಗಾರನನ್ನು ನಾನಂತೂ ಕಂಡಿಲ್ಲ. ನೀವು ಕೇಳುತ್ತಿರುವುದು ಅದನ್ನೇ.

ನಿಮಗೊಂದು ಬೆಳಗಿನ ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ತೋಟದಲ್ಲಿ ಕೆಲಸದವರಿರುವ ಲೈನ್‌ಮನೆಯ ಹುಡುಗಿಯೊಬ್ಬಳನ್ನು ಸಿಇಟಿಗೆ ಮಡಿಕೇರಿಗೆ ಬಿಡಬೇಕಾಯಿತು. ಹಿಂದಿನ ರಾತ್ರಿ ರಸ್ತೆಯಲ್ಲಿ ಆನೆ ನಿಂತಿದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ಹಾಗಾಗಿ ಕತ್ತಲಿರುವಾಗಲೇ ಜೀಪು ತೆಗೆದು ಸುತ್ತು ದಾರಿಯಲ್ಲಿ ಹೋದೆವು. ಅವಳ ಕೈಯಲ್ಲಿ ಎರಡು ಪೆನ್ನು, ಪ್ರವೇಶಪತ್ರ, ಟಿಫಿನ್ ಡಬ್ಬಿಯಲ್ಲಿ ನಿನ್ನೆಯ ಚಪಾತಿ. ಮಧ್ಯಾಹ್ನದ ಪರೀಕ್ಷೆ ಮುಗಿದು ಮಕ್ಕಳು ಹೊರಬರುವಾಗ ನಾನು ಗೇಟಿನ ಬಳಿ ಇದ್ದೆ. ಅವಳ ಅಪ್ಪ ಅಮ್ಮ ಕೆಲಸ ಮಾಡುವ ತೋಟದ ಸಾಹುಕಾರರ ಮಗನಿಗೂ ಅದೇ ಕೇಂದ್ರ. ಅವನು ಓಡಿಬಂದು ಇವಳನ್ನು ನಿಲ್ಲಿಸಿ, ‘ಏಯ್, ಕೆಮಿಸ್ಟ್ರಿ ನಲವತ್ತೆರಡಕ್ಕೆ ಏನು ಹಾಕಿದೆ?’ ಎಂದ. ‘ಸಿ.’ ‘ಅಯ್ಯೋ, ನಾನು ಬಿ.’ ಇಬ್ಬರೂ ಕೈಬೆರಳಲ್ಲಿ ಲೆಕ್ಕ ಹಾಕುತ್ತಾ ಮರದ ಕೆಳಗೆ ನಿಂತುಬಿಟ್ಟರು. ಅಲ್ಲಿಯವರೆಗೆ ಆ ಹುಡುಗ ಅವಳ ಹತ್ತಿರ ಕೇಳಿದ್ದೇನಾದರೂ ಇದ್ದರೆ ‘ನಿನ್ನಪ್ಪ ಎಲ್ಲಿ, ಕರಿ’ ಎಂದಷ್ಟೇ ಇರಬೇಕು. ಕೀ ಆನ್ಸರ್ ಬಂದಾಗ ಇಬ್ಬರದೂ ತಪ್ಪಾಗಿತ್ತು. ಹುಡುಗಿ ಇಂಜಿನಿಯರಿಂಗ್ ಮುಗಿಸಿ ಈಗ ಮೈಸೂರಿನಲ್ಲಿದ್ದಾಳೆ.

ಸಂದರ್ಶನ ಬೇಡ, ಪಿಯುಸಿ ಅಂಕವಾದರೂ ಸಾಕಲ್ಲ ಎನ್ನುತ್ತೀರಿ. 2021ನ್ನು ಮರೆತಿರಾ? ಕೋವಿಡ್ ಬಂತು, ಪರೀಕ್ಷೆ ನಡೆಯಲಿಲ್ಲ, ಹಳೆಯ ಅಂಕಗಳನ್ನೆಲ್ಲ ಕೂಡಿಸಿ ಭಾಗಿಸಿ ಫಲಿತಾಂಶ ಕೊಟ್ಟರು. 600ಕ್ಕೆ 600 ತೆಗೆದವರು 2,239 ಮಂದಿ! ಸಿಇಟಿ ರ‍್ಯಾಂಕಿಗೆ ಆ ವರ್ಷ ಪಿಯುಸಿ ಅಂಕ ಹಿಡಿಯಲಾಗದೆ ಪ್ರವೇಶ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡರು. ಮರುವರ್ಷ ಅದೇ ಮಕ್ಕಳು ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕ ಲೆಕ್ಕಕ್ಕೆ ಉಂಟೋ ಇಲ್ಲವೋ ಎಂದು ಹೈಕೋರ್ಟಿನವರೆಗೆ ಹೋಯಿತು. ರಾಜ್ಯದ ಬೋರ್ಡು, ಸಿಬಿಎಸ್‌ಇ, ಐಎಸ್‌ಸಿ, ಒಂದೊಂದಕ್ಕೂ ಒಂದೊಂದು ಅಳತೆಗೋಲು. ನಿಮ್ಮ ಮೊಮ್ಮಗಳ 96 ಅಪ್ಪಟ 96 ಎಂದು ನಾನು ನಂಬುತ್ತೇನೆ, ನಿಮ್ಮ ಮನೆಯಲ್ಲಿ ಬೆಳೆದವಳು. ಪಕ್ಕದವರ 96 ಯಾವುದೆಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಪರೀಕ್ಷೆ ತೆಗೆದು ನೋಡಿದ ದೇಶವೂ ಇದೆ. ಚೀನಾದಲ್ಲಿ 1966ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ನಿಲ್ಲಿಸಿ, ಆಮೇಲೆ ಹೊಲದ, ಕಾರ್ಖಾನೆಯ ಮುಖಂಡರ ಶಿಫಾರಸಿನ ಮೇಲೆ ಸೇರಿಸಿಕೊಳ್ಳತೊಡಗಿದರು. ಶಿಫಾರಸು ಯಾರ ಮಕ್ಕಳಿಗೆ ಸಿಕ್ಕಿತು ಎಂದು ನಿಮಗೆ ಬಿಡಿಸಿ ಹೇಳಬೇಕೇ? 1977ರ ಚಳಿಗಾಲದಲ್ಲಿ ಪರೀಕ್ಷೆ ಮರಳಿ ಬಂದಾಗ ಹಳ್ಳಿಹಳ್ಳಿಯಿಂದ ಸುಮಾರು 57 ಲಕ್ಷ ಮಂದಿ ಬಂದು ಕೂತರು, ಇದ್ದ ಸೀಟು ಮೂರು ಲಕ್ಷಕ್ಕೂ ಕಡಿಮೆ. ಹತ್ತು ವರ್ಷ ಅದಕ್ಕಾಗಿ ಕಾದಿದ್ದವರೂ ಅವರಲ್ಲಿದ್ದರು.

ನೀವು ಕಾಪಿ ಹೊಡೆದವನ ಕಿವಿ ಹಿಂಡಿದ್ದೀರಿ. ಹಾಗೆಂದು ಪರೀಕ್ಷೆಯನ್ನೇ ನಿಲ್ಲಿಸಿದ್ದಿರೇ? ಪತ್ರಿಕೆ ಸೋರಿದರೆ ಸೋರಿಸಿದವನನ್ನು ಹಿಡಿಯಬೇಕು, ಪಠ್ಯದಾಚೆಯ ಪ್ರಶ್ನೆ ಹಾಕಿದವರನ್ನು ಕೇಳಬೇಕು. ಅದು ಬಿಟ್ಟು, 2024ರ ಜುಲೈನಲ್ಲಿ ನಮ್ಮ ವಿಧಾನಸಭೆ ನೀಟ್ ಬೇಡವೆಂದು ನಿರ್ಣಯ ಮಾಡಿ ಕೈತೊಳೆದುಕೊಂಡಿತು. ನಿರ್ಣಯಕ್ಕೆ ಕೈ ಎತ್ತಲು ದುಡ್ಡು ಬೇಕಾಗಿಲ್ಲ. ಪಿಯು ಕಾಲೇಜಿಗೆ ಭೌತಶಾಸ್ತ್ರದ ಉಪನ್ಯಾಸಕರನ್ನು ಕೊಡಲು ಬೇಕು.

ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಮ್ಮ ಜಿಲ್ಲೆಯ ಒಂದು ಪಿಯು ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿದ್ದೆ. ಬ್ಯುರೆಟ್‌ಗಳು ಪೆಟ್ಟಿಗೆಯಲ್ಲಿ ಹುಲ್ಲು ಸುತ್ತಿಕೊಂಡೇ ಮಲಗಿವೆ, ಸೂಕ್ಷ್ಮದರ್ಶಕದ ಗಾಜಿಗೆ ಮಳೆಗಾಲದ ಬೂಷ್ಟು ಹಿಡಿದಿದೆ. ಅತಿಥಿ ಉಪನ್ಯಾಸಕರು ಬರುವಷ್ಟರಲ್ಲಿ ಕಾಲುವರ್ಷ ಹೋಗಿರುತ್ತದೆ. ಕೈಯಲ್ಲಿ ಕಾಸಿದ್ದವರು ಎಸ್ಸೆಸ್ಸೆಲ್ಸಿ ಮುಗಿದದ್ದೇ ಮಕ್ಕಳನ್ನು ಮಂಗಳೂರು, ಮೂಡುಬಿದಿರೆ, ಮೈಸೂರಿನ ಹಾಸ್ಟೆಲ್‌ಗಳಿಗೆ ಸಾಗಿಸುತ್ತಾರೆ. ಹದಿನಾರಕ್ಕೆ ಘಟ್ಟ ಇಳಿದ ಮಗು ಮತ್ತೆ ಬರುವುದು ಪುತ್ತರಿ ಹಬ್ಬಕ್ಕೆ, ಅದೂ ರಜೆ ಸಿಕ್ಕರೆ. ಉಳಿದ ಮಕ್ಕಳು ಜೂನ್‌ನಿಂದ ಕರೆಂಟಿಲ್ಲದ ಮನೆಯಲ್ಲಿ ಮೊಬೈಲಿನ ಬೆಳಕಿಗೆ ಓದುತ್ತಾರೆ. ಕೊಡಗಿಗೆ ಒಂದು ವಿಶ್ವವಿದ್ಯಾಲಯ ಅಂತ 2023ರಲ್ಲಿ ಚಿಕ್ಕಅಳುವಾರದಲ್ಲಿ ಆಯಿತು. ಎರಡು ವರ್ಷ ತುಂಬುವ ಮೊದಲೇ, ದುಡ್ಡಿಲ್ಲ, ಮುಚ್ಚೋಣ ಎಂಬ ಮಾತು ಸಂಪುಟ ಉಪಸಮಿತಿಯಿಂದ ಬಂತು. ಬಾಳೆ ನೆಟ್ಟರೂ ಗೊನೆ ಬರುವವರೆಗೆ ಕಾಯುತ್ತೇವೆ.

ಇವೆಲ್ಲ ಇಲ್ಲದ ಮಗುವಿಗೆ ನೀಟ್‌ನಲ್ಲಿ ಅಂಕ ಕಡಿಮೆ ಬಂದರೆ, ಮೀಟರ್ ಸುಳ್ಳು ಹೇಳಿತು ಎನ್ನುತ್ತೇವೆ. ಕಣದಲ್ಲಿ ಒಣಗಿಸಿದ್ದೇ ಸಾಲದು ಎಂದು ಅದು ತೋರಿಸುತ್ತಿದೆ. ನೀಟ್ ಕಂಡರೆ ಉರಿದುಬೀಳುವ ತಮಿಳುನಾಡು ಕೂಡ 2020ರಲ್ಲಿ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿತು. ನೀಟ್ ಬರೆದು ಅರ್ಹರಾದ ಸರ್ಕಾರಿ ಶಾಲೆಯ ಮಕ್ಕಳಿಗೇ ವೈದ್ಯಕೀಯ ಸೀಟಿನಲ್ಲಿ ಶೇಕಡಾ 7.5 ತೆಗೆದಿಟ್ಟಿತು. ನಮ್ಮಲ್ಲಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಇವೆ. ಆದರೆ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿ, ಆಮೇಲೆ ಲಕ್ಷಗಟ್ಟಲೆ ಕಟ್ಟಿ ಕೋಚಿಂಗ್ ಪಡೆದವರೂ ಗ್ರಾಮೀಣರೇ. ಸರ್ಕಾರಿ ಪಿಯು ಕಾಲೇಜಿನಲ್ಲೇ ಓದಿದವರಿಗೆ ಅಂಥದ್ದೊಂದು ಪಾಲು ಕೊಡಿ ಎಂದು ನೀವು ಬರೆದಿದ್ದರೆ ನಿಮ್ಮ ಪತ್ರವನ್ನು ಮುಖಪುಟದಲ್ಲಿ ಹಾಕುತ್ತಿದ್ದೆ. ಈಗಲೂ ಬರೆಯಿರಿ, ಜಾಗ ಇಟ್ಟಿರುತ್ತೇನೆ.

ಇನ್ನು ಮೊಮ್ಮಗಳ ವಿಷಯ. ಮತ್ತೊಂದು ವರ್ಷ ನೀಟ್‌ಗೆ ಕೂರುವುದೋ ಬೇಡವೋ ಅವಳೇ ಹೇಳಲಿ, ನೀವು ಒತ್ತಾಯ ಮಾಡಬೇಡಿ. ಸಿಇಟಿ ಬರೆದಿದ್ದರೆ ಪೊನ್ನಂಪೇಟೆಯ ಅರಣ್ಯ ಕಾಲೇಜನ್ನೂ ಆಯ್ಕೆ ಪಟ್ಟಿಯಲ್ಲಿ ಮೇಲೆ ಹಾಕಲಿ, ನಮ್ಮ ಜಿಲ್ಲೆಯದ್ದೇ, ಓದೂ ಒಳ್ಳೆಯದು. ಮತ್ತೆ ನೀಟೇ ಎಂದಾದರೆ ನಮ್ಮ ಕಚೇರಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಇದೆ. ಆ ಲೈನ್‌ಮನೆಯ ಹುಡುಗಿ ಬಿಟ್ಟುಹೋದದ್ದು ಕೆಲವು, ಆಮೇಲೆ ಬಂದ ಮಕ್ಕಳು ಸೇರಿಸಿದ್ದು ಕೆಲವು. ಮೂಲೆಗಳಲ್ಲಿ ಪೆನ್ಸಿಲಿನ ಲೆಕ್ಕಗಳಿವೆ, ಅಳಿಸುವುದು ಬೇಡ. ಸೋಮವಾರ ಸಂತೆಗೆ ಬರುವವರ ಕೈಲಿ ಹೇಳಿ ಕಳಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಡುತ್ತೇನೆ.

— ಸಂ.